ಸ್ಟೆಂಟ್ ಹಾಕಿಸಿದ ಮೇಲೂ ಮತ್ತೆ ಯಾಕೆ ಕಟ್ಟಿಕೊಳ್ತು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನನ್ನ ಹೆಸರಿನ ಮುಂದಿರುವ ‘ಡಾ.’ ಪಿಎಚ್‌ಡಿಯದು, ಸ್ಟೆತಾಸ್ಕೋಪಿನದಲ್ಲ. ಎಷ್ಟು ಸಲ ಹೇಳಿದರೂ ನೆಂಟರು ಇದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತರೆ ಸಾಕು, ಕೋಸಂಬರಿ ಬಡಿಸಿ ಮುಗಿಯುವಷ್ಟರಲ್ಲಿ ಪಕ್ಕದವರು ಮೊಬೈಲಿನಲ್ಲಿ ಆಂಜಿಯೋಗ್ರಾಂ ರಿಪೋರ್ಟ್ ತೆಗೆದಿರುತ್ತಾರೆ. ಐದು ವರ್ಷ ಪ್ರಯೋಗಾಲಯದಲ್ಲಿ ರಕ್ತನಾಳದ ಸ್ನಾಯುಕೋಶಗಳನ್ನು ಸಾಕಿದವಳು ಅನ್ನೋದು ಹೇಗೋ ಊರಿಗೆಲ್ಲ ಗೊತ್ತಾಗಿಹೋಗಿದೆ. ಹಾಗಾಗಿ ಪ್ರಶ್ನೆಯೂ ಒಂದೇ: “ಬಲೂನ್ ಹಾಕಿ ಬಿಡಿಸಿದರು, ಸ್ಟೆಂಟ್ ಇಟ್ಟರು, ಮತ್ತೆ ಅಲ್ಲೇ ಯಾಕೆ ಕಟ್ಟಿಕೊಳ್ತು?” ಅದರ ಬಾಲದಂತೆ ಇನ್ನೊಂದು: “ಆಂಟಿಆಕ್ಸಿಡೆಂಟ್ ಮಾತ್ರೆ ತಗೊಂಡರೆ ನಿಲ್ಲುತ್ತಾ?”

ಮೊದಲು ಕೇಳಿದವರು ನನ್ನ ಸೋದರಮಾವ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನಡೆಸುತ್ತಿದ್ದವರು. 2009ರಲ್ಲಿ ಎದೆನೋವು ಬಂದು ಬೆಂಗಳೂರಿನಲ್ಲಿ ಆಂಜಿಯೋಪ್ಲಾಸ್ಟಿ ಆಯಿತು, ಅಂದರೆ ಕಟ್ಟಿಕೊಂಡ ನಾಳವನ್ನು ಬಲೂನ್ ಉಬ್ಬಿಸಿ ಬಿಡಿಸಿದರು; ಅದು ತೆರೆದೇ ಇರಲೆಂದು ಒಳಗೆ ಸ್ಟೆಂಟ್ ಎಂಬ ಲೋಹದ ಬಲೆ ಇಟ್ಟರು. ದುಡ್ಡಿನ ಲೆಕ್ಕ ನೋಡಿ ಔಷಧದ ಲೇಪನ ಇಲ್ಲದ ಬರಿ ಲೋಹದ್ದನ್ನೇ ಹಾಕಿಸಿಕೊಂಡಿದ್ದರು. ಐದು ತಿಂಗಳಾಗಿತ್ತು. ಮಂಡಿಯ ಮೆಟ್ಟಿಲು ಹತ್ತುವಾಗ ಅದೇ ನೋವು, ಎಡಗೈಗೆ ಅದೇ ಸೆಳೆತ. ಮತ್ತೆ ಆಂಜಿಯೋಗ್ರಾಂ ಮಾಡಿದರೆ ಸ್ಟೆಂಟ್ ಇಟ್ಟ ಜಾಗವೇ ಮುಕ್ಕಾಲು ಮುಚ್ಚಿಹೋಗಿದೆ.

“ಅಲ್ಲ ಕಣಮ್ಮಾ, ಪೈಪ್ ಕ್ಲೀನ್ ಮಾಡಿ ಒಳಗೆ ಸ್ಪ್ರಿಂಗ್ ಇಟ್ಟವ್ರೆ. ಆರು ತಿಂಗ್ಳೂ ಆಗಿಲ್ಲ, ಮತ್ತೆ ಕಟ್ಕಂಡೈತೆ ಅಂದ್ರೆ ಕೆಲ್ಸ ನೆಟ್ಟಗೆ ಮಾಡಿಲ್ಲ ಅಂತ ತಾನೆ?”

“ಇಲ್ಲ ಮಾವ, ಅವರು ಕೆಲಸ ಸರಿಯಾಗೇ ಮಾಡಿದ್ದಾರೆ. ನಿಮ್ಮ ರಕ್ತನಾಳ ಕೂಡ ಅದರ ಕೆಲಸ ಸರಿಯಾಗೇ ಮಾಡಿದೆ. ತೊಂದರೆ ಆಗಿರೋದೇ ಅಲ್ಲಿ.”

ಅವತ್ತು ಅವರಿಗೆ ಅರ್ಧ ಹೇಳಿದ್ದೆ. ಪೂರ್ತಿ ಉತ್ತರ ಇಲ್ಲಿದೆ.

ಪೈಪಿನ ಹೋಲಿಕೆಯನ್ನು ಮೊದಲು ಬಿಡಬೇಕು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು; ಹಳೆ ಪೈಪ್ ಬಿಚ್ಚಿದರೆ ಒಳಗೆ ಬಿಳಿ ಗಾರೆಯ ಹಾಗೆ ಉಪ್ಪು ಮೆತ್ತಿಕೊಂಡಿರುತ್ತದೆ. ಎಲ್ಲರ ತಲೆಯಲ್ಲೂ ರಕ್ತನಾಳದ ಬ್ಲಾಕ್ ಅಂದರೆ ಅದೇ ಚಿತ್ರ. ಕೊಬ್ಬು ಹರಿದು ಬಂತು, ಮೆತ್ತಿಕೊಂಡಿತು, ಕೆರೆದು ತೆಗೆದರು. ಮೂಲದ ಬ್ಲಾಕಿಗೇ ಈ ಚಿತ್ರ ಪೂರ್ತಿ ಹೊಂದುವುದಿಲ್ಲ. ಸ್ಟೆಂಟ್ ಆದ ಆರು ತಿಂಗಳೊಳಗೆ ಮರಳಿ ಬರುವ ಬ್ಲಾಕಿಗಂತೂ ಹೊಂದುವುದೇ ಇಲ್ಲ. ಮಾವನ ಸ್ಟೆಂಟಿನೊಳಗೆ ತುಂಬಿಕೊಂಡದ್ದು ಹೊರಗಿನಿಂದ ಹರಿದು ಬಂದ ಕೊಬ್ಬಲ್ಲ. ಅವರದೇ ರಕ್ತನಾಳದ ಗೋಡೆ ಒಳಮುಖವಾಗಿ ಬೆಳೆದದ್ದು.

ಹೃದಯದ ಮೇಲಿನ ಅಪಧಮನಿ ಮೂರು ಮಿಲಿಮೀಟರ್ ಆಸುಪಾಸಿನದು. ಅದರ ಗೋಡೆಯ ಒಳಮೈಗೆ ಒಂದೇ ಸಾಲಿನ ಕೋಶಗಳ ಹೊದಿಕೆ, ನೆಲಕ್ಕೆ ಹಾಸುಗಲ್ಲು ಜೋಡಿಸಿದ ಹಾಗೆ. ಅದನ್ನು ಒಳಪೊರೆ ಎನ್ನೋಣ. ಅದರ ಹಿಂದೆ, ನಾಳವನ್ನು ಸುತ್ತುವರಿದು, ಅನೈಚ್ಛಿಕ ಸ್ನಾಯುಕೋಶಗಳ ಪದರಗಳು. ನಾಳವನ್ನು ಬಿಗಿ ಮಾಡುವುದು, ಸಡಿಲ ಬಿಡುವುದು, ಅದರಿಂದ ರಕ್ತದ ಒತ್ತಡ ಸಂಭಾಳಿಸುವುದು ಇವುಗಳ ಕಸುಬು. ದೊಡ್ಡವರಲ್ಲಿ ಈ ಕೋಶಗಳು ಒಡೆದು ಎರಡಾಗುವುದು ತೀರಾ ಅಪರೂಪ. ಆದರೆ ಮರಿ ಹಾಕುವ ವಿದ್ಯೆಯನ್ನು ಅವು ಮರೆತಿರುವುದಿಲ್ಲ. ನಮ್ಮ ಎದೆಬಡಿತದ ಹೃದಯಸ್ನಾಯು ಒಮ್ಮೆ ಪಳಗಿದ ಮೇಲೆ ಹಿಂದಕ್ಕೆ ಹೋಗುವುದು ಕಷ್ಟ, ಇವು ಹಾಗಲ್ಲ. ಗಾಯವಾದರೆ ಹಿಂಡುವ ಕೆಲಸ ಬಿಟ್ಟು, ಹುಟ್ಟುವ ಮುಂಚಿನ ಬಾಲ್ಯಕ್ಕೆ ಮರಳಿ, ನಡೆದಾಡಲು, ಮರಿಮಾಡಲು, ಸುತ್ತ ನಾರು ನೇಯಲು ಶುರುಮಾಡುತ್ತವೆ. ನಾಳ ಹರಿದಾಗ ಮುಚ್ಚಿ ಜೀವ ಉಳಿಸಲು ಇದು ಬೇಕೇ ಬೇಕು.

ಬಲೂನ್ ಮಾಡುವುದು ಗಾಯ. ಅದು ಬಿಟ್ಟು ಬೇರೆ ಹೆಸರಿಲ್ಲ. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಎಚ್ಚರವಿದ್ದ ಮನುಷ್ಯನ ಹೃದಯದ ನಾಳಕ್ಕೆ ಮೊದಲ ಸಲ ಬಲೂನ್ ಇಳಿಸಿ ಉಬ್ಬಿಸಿದರು. ಎದೆ ಸೀಳದೆ ಬ್ಲಾಕ್ ಬಿಡಿಸಬಹುದು ಎಂದು ಲೋಕ ಕುಣಿದಾಡಿತು. ಆದರೆ ಬಲೂನ್ ಉಬ್ಬಿದಾಗ ಒಳಪೊರೆ ಕಿತ್ತುಬರುತ್ತದೆ, ಗೋಡೆ ಬಿರಿಯುತ್ತದೆ. ಹಾಗಾಗಿ ಮೂವರಲ್ಲಿ ಒಬ್ಬರಿಗೆ, ಕೆಲವು ಕಡೆ ಇನ್ನೂ ಹೆಚ್ಚು ಮಂದಿಗೆ, ಆರು ತಿಂಗಳೊಳಗೆ ಅದೇ ಜಾಗ ಮತ್ತೆ ಕಿರಿದಾಗುತ್ತಿತ್ತು. 1986ರಲ್ಲಿ ಫ್ರಾನ್ಸ್‌ನ ಟುಲೂಸ್‌ನಲ್ಲಿ ಮೊದಲ ಸ್ಟೆಂಟ್ ಇಟ್ಟರು. ಗೋಡೆ ಹಿಂದಕ್ಕೆ ಕುಗ್ಗುವುದನ್ನು ಲೋಹದ ಬಲೆ ತಡೆಯಿತು, ಸಂಖ್ಯೆ ಕೊಂಚ ಇಳಿಯಿತು. ಆದರೆ ಬಲೆಯ ತಂತಿಗಳು ಗೋಡೆಯನ್ನು ಹಗಲೂ ರಾತ್ರಿ ಒತ್ತುತ್ತಲೇ ಇರುತ್ತವಲ್ಲ, ಸ್ನಾಯುಕೋಶಗಳು ಬಲೂನಿಗಿಂತ ಹೆಚ್ಚೇ ಬೆಳೆದು ಬಲೆಯ ಕಣ್ಣುಗಳಿಂದ ಒಳಗೆ ನುಗ್ಗಿದವು.

ಇಲಿಯ ಕುತ್ತಿಗೆಯ ನಾಳದಲ್ಲಿ ಇದನ್ನು ದಿನದ ಲೆಕ್ಕದಲ್ಲಿ ನೋಡಬಹುದು. ಬಲೂನ್ ಎಳೆದ ಒಂದೆರಡು ದಿನಕ್ಕೆ ಸ್ನಾಯುಪದರದಲ್ಲಿ ಕೋಶಗಳು ಒಡೆಯತೊಡಗುತ್ತವೆ. ನಾಲ್ಕನೇ ದಿನದ ಹೊತ್ತಿಗೆ ಕೆಲವು ನಡುವಿನ ಬೇಲಿ ದಾಟಿ ಒಳಮೈಗೆ ಬಂದಿರುತ್ತವೆ. ಎರಡು ವಾರಕ್ಕೆ ಅಲ್ಲೊಂದು ಹೊಸ ಪದರವೇ ಎದ್ದಿರುತ್ತದೆ.

ಈಗ ನಾನು ಸಾಕಿದ ಕೋಶಗಳ ವಿಷಯ. ಇಲಿಯ ಮಹಾಪಧಮನಿಯನ್ನು ಸೀಳಿ, ಹೊರಪೊರೆ ಸುಲಿದು, ಒಳಮೈಯನ್ನು ಮೆಲ್ಲಗೆ ಕೆರೆದು, ಉಳಿದದ್ದನ್ನು ಸಣ್ಣಗೆ ಕತ್ತರಿಸಿ ತಟ್ಟೆಗೆ ಹಾಕುತ್ತಿದ್ದೆ. ಗುಲಾಬಿ ಬಣ್ಣದ ದ್ರವ, 37 ಡಿಗ್ರಿ ಶಾಖ. ಒಂದು ವಾರಕ್ಕೆ ಆ ಚೂರುಗಳ ಅಂಚಿನಿಂದ ಕದಿರಿನಾಕಾರದ ಕೋಶಗಳು ತೆವಳಿಕೊಂಡು ಹೊರಬರುತ್ತಿದ್ದವು. ತಟ್ಟೆ ತುಂಬಿದಾಗ ಕೆಲವೆಡೆ ಒಂದರ ಮೇಲೊಂದು ಏರಿ ದಿಬ್ಬ, ಕೆಲವೆಡೆ ತಗ್ಗು. ಮೇಲಿನಿಂದ ನೋಡಿದರೆ ಉತ್ತ ಹೊಲದ ಹಾಗೆ. ಆ ದಿಬ್ಬ-ತಗ್ಗು ಕಂಡರೆ ಇವು ಸ್ನಾಯುಕೋಶಗಳೇ ಎಂದು ನೆಮ್ಮದಿ.

ಪ್ರಯೋಗಕ್ಕೆ ಮುಂಚೆ ಅವುಗಳಿಗೆ ಎರಡು ದಿನ ಉಪವಾಸ. ಅವುಗಳ ಊಟವಾದ ಸೀರಂ (ರಕ್ತದ ತಿಳಿ) ಬಹುಪಾಲು ತೆಗೆದುಬಿಟ್ಟರೆ ಬೆಳವಣಿಗೆ ನಿಂತು ಎಲ್ಲವೂ ತೆಪ್ಪಗಾಗುತ್ತವೆ. ಆಮೇಲೆ ಪಿಡಿಜಿಎಫ್ ಎಂಬ ಪ್ರೋಟೀನನ್ನು ಹಾಕುವುದು. ಗಾಯದ ಜಾಗಕ್ಕೆ ಮೊದಲು ಓಡಿಬರುವ ಪ್ಲೇಟ್‌ಲೆಟ್‌ಗಳು ಇದನ್ನು ಸುರಿಸುತ್ತವೆ. ‘ಇಲ್ಲಿ ಹರಿದಿದೆ, ಬನ್ನಿ’ ಅನ್ನುವ ಡಂಗುರ ಇದು. ಜೊತೆಗೆ ಉತ್ಕರ್ಷಣಕ್ಕೆ (ಆಕ್ಸಿಡೇಶನ್; ಆಂಟಿಆಕ್ಸಿಡೆಂಟ್ ತಡೆಯುವುದು ಇದನ್ನೇ) ಹಸಿರಾಗಿ ಹೊಳೆಯುವ ಒಂದು ಬಣ್ಣ ಸೇರಿಸಿ ಕತ್ತಲೆ ಕೋಣೆಯಲ್ಲಿ ಕೂರುತ್ತಿದ್ದೆ. ಡಂಗುರ ಕೇಳಿದ ಕೆಲವೇ ನಿಮಿಷಕ್ಕೆ ಕೋಶಗಳು ಒಂದೊಂದಾಗಿ ಹಸಿರು ಹೊತ್ತಿಸಿಕೊಳ್ಳುತ್ತಿದ್ದವು. ಅರ್ಧ ಗಂಟೆಯಲ್ಲಿ ಆರಿಹೋಗುತ್ತಿತ್ತು. ಮೊದಲ ಸಲ ಕಂಡಾಗ ನಾನೇ ಏನೋ ಕೆಡಿಸಿದೆ ಅಂದುಕೊಂಡಿದ್ದೆ. ಸಾಯುವ ಕೋಶ ಹಾಗೆ ಹೊಳೆಯುತ್ತದೆ ಎಂದು ಓದಿದ್ದೆ. ಮಾರನೇ ದಿನ ಎಣಿಸಿದರೆ ಸತ್ತಿರಲಿಲ್ಲ, ಒಡೆದು ಎರಡಾಗುತ್ತಿದ್ದವು.

ಆ ಹಸಿರಿನ ಹಿಂದೆ ಇದ್ದದ್ದು ಹೈಡ್ರೋಜನ್ ಪೆರಾಕ್ಸೈಡ್. ಮೊಣಕಾಲು ತರಚಿದಾಗ ಹಾಕಿದರೆ ಬುಸ್ಸೆಂದು ನೊರೆ ಏಳುತ್ತದಲ್ಲ, ಅದೇ. (ನೊರೆ ಏಳುವುದು ನಮ್ಮ ಕೋಶಗಳಲ್ಲಿರುವ ಕೆಟಲೇಸ್ ಎಂಬ ಕಿಣ್ವ ಅದನ್ನು ನೀರು, ಆಮ್ಲಜನಕಗಳಾಗಿ ಒಡೆಯುವುದರಿಂದ.) 1992ರಲ್ಲಿ ರಾವ್ ಮತ್ತು ಬರ್ಕ್ ಎಂಬಿಬ್ಬರು ಸ್ನಾಯುಕೋಶಗಳಿಗೆ ಹೊರಗಿನಿಂದ ಪೆರಾಕ್ಸೈಡ್ ಕೊಟ್ಟರೆ ಅವು ಬೆಳೆಯಲು ಶುರುಮಾಡುತ್ತವೆ ಎಂದು ತೋರಿಸಿದರು. 1994ರಲ್ಲಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಕ್ಯಾಥಿ ಗ್ರೀಂಡ್ಲಿಂಗ್ ಬಳಗ, ರಕ್ತದೊತ್ತಡ ಏರಿಸುವ ಆಂಜಿಯೋಟೆನ್ಸಿನ್ ಹಾರ್ಮೋನು ಈ ಕೋಶಗಳಲ್ಲಿ ಆಮ್ಲಜನಕವನ್ನು ಕೆರಳಿಸುವ ಒಂದು ಕಿಣ್ವವನ್ನು ಎಬ್ಬಿಸುತ್ತದೆ ಎಂದು ಕಂಡುಕೊಂಡಿತು. ಮರುವರ್ಷ ಅಮೆರಿಕದಲ್ಲೇ ಇನ್ನೊಂದು ಬಳಗ ಎದುರು ಪ್ರಯೋಗ ಮಾಡಿತು: ಕೋಶದೊಳಗೆ ಕೆಟಲೇಸ್ ಹೆಚ್ಚಿಸಿ ಪೆರಾಕ್ಸೈಡನ್ನು ನುಂಗಿಸಿಬಿಟ್ಟರೆ, ಪಿಡಿಜಿಎಫ್ ಎಷ್ಟು ಕೂಗಿದರೂ ಕೋಶ ಅಲುಗುವುದಿಲ್ಲ. ಅಂದರೆ ಪೆರಾಕ್ಸೈಡ್ ಇಲ್ಲಿ ಕೆಲಸದ ನಡುವೆ ಎದ್ದ ಹೊಗೆಯಲ್ಲ, ಕೆಲಸ ನಡೆಯಲು ಬೇಕಾದ ಸಂದೇಶ.

ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು ಆ ಕಿಣ್ವದ ಪೂರ್ವಾಪರ. ನಮ್ಮ ಬಿಳಿರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲಲು ಬಳಸುವ ಯಂತ್ರವೊಂದಿದೆ. ಆಮ್ಲಜನಕಕ್ಕೆ ಒಂದು ಎಲೆಕ್ಟ್ರಾನ್ ತುರುಕಿ ಸೂಪರ್‌ಆಕ್ಸೈಡ್ ಎಂಬ ಸಿಡುಕನನ್ನು ತಯಾರಿಸಿ ಕ್ರಿಮಿಯ ಮೇಲೆ ಎರಚುವ ಯಂತ್ರ. ಅದರ ದಾಯಾದಿಯೇ ಸ್ನಾಯುಕೋಶದ ಪೊರೆಯಲ್ಲೂ ಕೂತಿದೆ ಎಂದು ಎಮೊರಿಯವರೇ 1999ರಲ್ಲಿ ತೋರಿಸಿದರು. ಈಗ ನಾಕ್ಸ್-1 ಎನ್ನುತ್ತಾರೆ. ಅಲ್ಲಿ ಕೊಡಗಟ್ಟಲೆ ಎರಚುವುದನ್ನು ಇಲ್ಲಿ ಹನಿಹನಿಯಾಗಿ ಕೊಡುತ್ತದೆ. ಹುಟ್ಟಿದ ಸೂಪರ್‌ಆಕ್ಸೈಡ್ ತಕ್ಷಣ ಪೆರಾಕ್ಸೈಡ್ ಆಗುತ್ತದೆ.

ಪೆರಾಕ್ಸೈಡ್ ಹೋಗಿ ಮಾಡುವುದೇನು? ಎತ್ತಿನ ಗಾಡಿ ಇಳಿಜಾರಿನಲ್ಲಿ ನಿಂತಿರುವಾಗ ಗಾಲಿಗೆ ಕಲ್ಲು ಕೊಟ್ಟಿರುತ್ತೇವೆ. ಕೋಶದಲ್ಲೂ ಅಂಥ ಕಲ್ಲುಗಳಿವೆ. ‘ಬೆಳೆ’ ಎನ್ನುವ ಸಂದೇಶ ಪ್ರೋಟೀನಿನಿಂದ ಪ್ರೋಟೀನಿಗೆ ದಾಟುವುದು ಫಾಸ್ಫೇಟ್ ಎಂಬ ಚೀಟಿ ಅಂಟಿಸುವುದರಿಂದ; ಆ ಚೀಟಿಯನ್ನು ಕಿತ್ತುಹಾಕಿ ಸಂದೇಶವನ್ನು ಅಲ್ಲಲ್ಲೇ ಮುಗಿಸುವ ಕಿಣ್ವಗಳು ಸದಾ ಕಾವಲಿರುತ್ತವೆ. ಅವುಗಳ ಬಾಯಲ್ಲಿ ಒಂದು ಗಂಧಕದ ಪರಮಾಣು ಇದೆ. ಪೆರಾಕ್ಸೈಡ್ ಅದನ್ನು ಉತ್ಕರ್ಷಿಸಿದರೆ ಬಾಯಿ ಕಟ್ಟಿತು. ಕಲ್ಲು ಸರಿಯಿತು, ಗಾಡಿ ಹೊರಟಿತು. ಸ್ವಲ್ಪ ಹೊತ್ತಿಗೆ ಗಂಧಕ ಮೊದಲಿನಂತಾಗಿ ಕಲ್ಲು ವಾಪಸ್ಸು ಬರುತ್ತದೆ. ಇಷ್ಟೇ ಆದರೆ ಗಾಯ ಮಾಗಿ ಎಲ್ಲ ಸುಖಾಂತ.

ಸ್ಟೆಂಟ್ ಇದ್ದಲ್ಲಿ ಕಲ್ಲು ವಾಪಸ್ಸು ಬರುವುದು ತಡ. ತಂತಿ ಒತ್ತುತ್ತಿದೆ, ಉರಿಯೂತದ ಕೋಶಗಳು ಬಂದು ಕೂತಿವೆ, ಆಂಜಿಯೋಟೆನ್ಸಿನ್ ಏರಿದೆ, ಸಕ್ಕರೆ ಕಾಯಿಲೆ ಇದ್ದರೆ ಅದೂ ಸೇರಿ ಸೂಪರ್‌ಆಕ್ಸೈಡ್ ಉಕ್ಕುತ್ತಲೇ ಇರುತ್ತದೆ. ಉತ್ಕರ್ಷಣ ಒತ್ತಡ ಎನ್ನುವುದು ಇದನ್ನೇ: ಹುಟ್ಟುವುದಕ್ಕೂ ನುಂಗುವುದಕ್ಕೂ ತಾಳೆ ತಪ್ಪಿದ ಸ್ಥಿತಿ. ಸಕ್ಕರೆ ಇರುವವರಲ್ಲಿ ಸ್ಟೆಂಟ್ ಮತ್ತೆ ಕಿರಿದಾಗುವುದು ಹೆಚ್ಚು. ಮಾವನಿಗೆ ಹತ್ತು ವರ್ಷದ ಸಕ್ಕರೆ ಇತ್ತು. ಇನ್ನೊಂದು ಪೆಟ್ಟೂ ಇದೆ. ಒಳಪೊರೆಯ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸದಾ ಬಿಡುತ್ತಿರುತ್ತವೆ. 1998ರ ನೊಬೆಲ್ ಬಂದದ್ದು ಇದರ ಪತ್ತೆಗೇ. ಅದು ಸ್ನಾಯುವನ್ನು ಸಡಿಲಿಸುತ್ತದೆ, ‘ಬೆಳೆಯಬೇಡ’ ಎಂದು ಹಿಡಿದೂ ಇಡುತ್ತದೆ. ಬಲೂನ್ ಒಳಪೊರೆಯನ್ನೇ ಕಿತ್ತಿದೆ. ಉಳಿದಷ್ಟು ನೈಟ್ರಿಕ್ ಆಕ್ಸೈಡನ್ನು ಸೂಪರ್‌ಆಕ್ಸೈಡ್ ಎದುರಾದ ಕ್ಷಣವೇ ತಿಂದುಹಾಕುತ್ತದೆ. ಹೋಗು ಅನ್ನುವವರು ಹೆಚ್ಚಾದರು, ಬೇಡ ಅನ್ನುವವರು ಮನೆಯಲ್ಲೇ ಇಲ್ಲ.

ಇಷ್ಟು ಕೇಳಿದವರು ಬಾಲದ ಪ್ರಶ್ನೆಗೆ ಬರುತ್ತಾರೆ. “ಹಾಗಾದ್ರೆ ಆಂಟಿಆಕ್ಸಿಡೆಂಟ್ ತಿಂದ್ರೆ ಸರಿಹೋಗ್ಬೇಕಲ್ಲ?” ಮಾವ ಆಗಲೇ ಅಂಗಡಿಯಿಂದ ವಿಟಮಿನ್ ಇ ತಂದಿಟ್ಟುಕೊಂಡಿದ್ದರು, ಆ ಹಸಿರು ಕ್ಯಾಪ್ಸೂಲ್. ಪ್ರಶ್ನೆ ದಡ್ಡತನದ್ದಲ್ಲ. ದೊಡ್ಡ ದೊಡ್ಡವರೇ ಇದನ್ನು ನಂಬಿದ್ದರು.

1996ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಎರಡು ಸಾವಿರ ಹೃದ್ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ವಿಟಮಿನ್ ಇ ಕೊಟ್ಟವರಲ್ಲಿ ಮಾರಕವಲ್ಲದ ಹೃದಯಾಘಾತ ಕಡಿಮೆಯಾಗಿತ್ತು. ಆಸೆ ಹುಟ್ಟಿತು. 2000ದಲ್ಲಿ ಹೋಪ್ ಎಂಬ ಅಧ್ಯಯನ ಬಂತು: ಒಂಬತ್ತೂವರೆ ಸಾವಿರಕ್ಕೂ ಹೆಚ್ಚು ಜನ, ನಾಲ್ಕೂವರೆ ವರ್ಷ, ದಿನಾ 400 ಯೂನಿಟ್. ಏನೂ ಆಗಲಿಲ್ಲ. 2002ರಲ್ಲಿ ಬ್ರಿಟನ್ನಿನಲ್ಲಿ 20,536 ಜನರನ್ನು ಸೇರಿಸಿಕೊಂಡು ಅರ್ಧದಷ್ಟು ಮಂದಿಗೆ ಐದು ವರ್ಷ ವಿಟಮಿನ್ ಇ, ಸಿ, ಬೀಟಾ ಕೆರೋಟಿನ್ ಮೂರನ್ನೂ ಸೇರಿಸಿ ಕೊಟ್ಟರು. ಆಗಲೂ ಏನೂ ಆಗಲಿಲ್ಲ. ಹೋಪ್‌ನವರನ್ನೇ ಇನ್ನಷ್ಟು ವರ್ಷ ಹಿಂಬಾಲಿಸಿದಾಗ ವಿಟಮಿನ್ ತಿಂದವರಲ್ಲಿ ಹೃದಯ ಸೋಲುವುದು ಕೊಂಚ ಹೆಚ್ಚೇ ಇತ್ತು.

ಬಲೂನ್ ಮಾಡಿಸಿಕೊಂಡವರ ಮೇಲೇ ನೇರವಾಗಿ ನಡೆದ ಪರೀಕ್ಷೆ ಮಾಂಟ್ರಿಯಲ್‌ನದು, 1997ರದು. ನನಗೆ ಅದು ಬಾಯಿಪಾಠ. 317 ರೋಗಿಗಳು, ನಾಲ್ಕು ಗುಂಪು. ಔಷಧವೇ ಇಲ್ಲದ ಸುಳ್ಳುಮಾತ್ರೆ ತಿಂದವರಲ್ಲಿ ಚಿಕಿತ್ಸೆಯಾದ ಜಾಗಗಳ ಪೈಕಿ ಶೇ 38.9 ಮತ್ತೆ ಕಿರಿದಾದವು. ವಿಟಮಿನ್ನುಗಳ ಮಿಶ್ರಣ ತಿಂದವರಲ್ಲಿ ಶೇ 40.3. ಪ್ರೊಬುಕಾಲ್ ಎಂಬ ಔಷಧ ತಿಂದವರಲ್ಲಿ ಶೇ 20.7! ಅದೂ ಆಂಟಿಆಕ್ಸಿಡೆಂಟೇ. ಪ್ರೊಬುಕಾಲ್ ಜೊತೆ ವಿಟಮಿನ್ನನ್ನೂ ತಿಂದವರಲ್ಲಿ ಶೇ 28.9, ಅಂದರೆ ವಿಟಮಿನ್ ಸೇರಿಸಿದ್ದರಿಂದ ಫಲ ಹೆಚ್ಚಿದ್ದೇನೂ ಕಾಣಲಿಲ್ಲ. ಪ್ರೊಬುಕಾಲ್ ಆಸೆ ಹುಟ್ಟಿಸಿತು, ಆದರೆ ಅದು ಒಳ್ಳೆಯ ಕೊಲೆಸ್ಟರಾಲನ್ನೂ ಇಳಿಸುತ್ತಿತ್ತು, ಹೃದಯದ ಲಯವನ್ನೂ ತಟ್ಟುತ್ತಿತ್ತು, ಕೆಲಸ ಮಾಡಬೇಕಾದರೆ ಬಲೂನಿಗೆ ಒಂದು ತಿಂಗಳು ಮೊದಲೇ ಶುರುಮಾಡಬೇಕಿತ್ತು. ಎದೆ ಹಿಡಿದುಕೊಂಡು ಬಂದವನಿಗೆ ‘ಒಂದು ತಿಂಗಳು ಬಿಟ್ಟು ಬಾಪ್ಪ’ ಅನ್ನುವುದಕ್ಕಾಗುತ್ತದೆಯೇ?

ವಿಟಮಿನ್ ಯಾಕೆ ಸೋತಿತು ಅನ್ನುವುದಕ್ಕೆ ಉತ್ತರ ಆ ಹಸಿರು ಮಿನುಗಿನಲ್ಲೇ ಇತ್ತು ಎಂದು ನನಗನಿಸುತ್ತದೆ. ನಾವು ಉತ್ಕರ್ಷಣವನ್ನು ತುಕ್ಕಿನ ಹಾಗೆ ಕಲ್ಪಿಸಿಕೊಂಡಿದ್ದೆವು, ಮೈಯೆಲ್ಲ ಹರಡಿದ ಕೊಳೆ, ಸೋಪು ಹಾಕಿದರೆ ಹೋಗುತ್ತದೆ ಎಂದು. ಇಲ್ಲಿ ನಡೆಯುತ್ತಿರುವುದು ಪಿಸುಮಾತು. ಪೊರೆಯ ಪಕ್ಕದಲ್ಲೇ ಹುಟ್ಟಿ, ಪಕ್ಕದ ಪ್ರೋಟೀನಿಗೆ ತಟ್ಟಿ, ನಿಮಿಷಗಳಲ್ಲಿ ಮುಗಿಯುವಂಥದ್ದು. ವಿಟಮಿನ್ ಇ ಕೊಬ್ಬಿನಲ್ಲಿ ಕರಗಿ ಅಲ್ಲಿನ ಕಿಡಿ ಆರಿಸುತ್ತದೆಯೇ ಹೊರತು ಪೆರಾಕ್ಸೈಡಿನ ತಂಟೆಗೆ ಹೆಚ್ಚು ಹೋಗುವುದಿಲ್ಲ. ಸೂಪರ್‌ಆಕ್ಸೈಡ್ ಹಿಡಿಯಲು ಕೋಶದಲ್ಲಿ ಮೊದಲೇ ಎಂಥ ವೇಗದ ಕಿಣ್ವ ಇದೆಯೆಂದರೆ, ಮಾತ್ರೆಯಲ್ಲಿ ಬಂದ ವಿಟಮಿನ್ ಸಿ ಅದರ ಮುಂದೆ ಓಡಲಾರದು. ಇನ್ನು ಪೆರಾಕ್ಸೈಡನ್ನು ಮೈಯಲ್ಲೆಲ್ಲ ಒರೆಸಿಹಾಕುವ ಮಾತ್ರೆಯೇ ಸಿಕ್ಕಿತು ಅಂದುಕೊಳ್ಳಿ, ನಾನಂತೂ ನುಂಗುವುದಿಲ್ಲ. ಗಾಯ ಮಾಗಬೇಕು, ಬಿಳಿಕಣಗಳು ಕಾದಬೇಕು.

ಒಂದು ಎಚ್ಚರಿಕೆ, ನನ್ನ ಕಸುಬಿನವರ ಮೇಲೇ. ಆಂಜಿಯೋಟೆನ್ಸಿನ್ ತಡೆಯುವ ಸಿಲಜಾಪ್ರಿಲ್ ಎಂಬ ಔಷಧ 1989ರಲ್ಲಿ ಇಲಿಯ ನಾಳದಲ್ಲಿ ಹೊಸ ಪದರ ಏಳುವುದನ್ನು ಬಹುಮಟ್ಟಿಗೆ ತಡೆಯಿತು. 1992ರಲ್ಲಿ ಯುರೋಪಿನ ರೋಗಿಗಳಲ್ಲಿ ಮಾಡಿ ನೋಡಿದರೆ ಸೊನ್ನೆ. ಇಲಿಯ ನಾಳ ಎಳೆಯದು, ಆರೋಗ್ಯವಾದದ್ದು. ನಮ್ಮದು ದಶಕಗಳ ಕೊಬ್ಬು, ಸುಣ್ಣ, ಉರಿಯೂತ ತುಂಬಿಕೊಂಡದ್ದು. ‘ಇಲಿಯಲ್ಲಿ ಗೆದ್ದ ಔಷಧ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದರೆ ನಾನು ಮುಂದಕ್ಕೆ ಕಳಿಸುವುದಿಲ್ಲ.

ಕೊನೆಗೆ ಗೆದ್ದದ್ದು ಬೇರೆ ದಾರಿ. 1964-65ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪಕ್ಕೆ ಹೋಗಿ ಮಣ್ಣು ತಂದಿತ್ತು. ಸ್ಥಳೀಯರು ಆ ದ್ವೀಪವನ್ನು ರಾಪಾ ನುಯಿ ಅನ್ನುತ್ತಾರೆ. ಆ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಮಾಂಟ್ರಿಯಲ್‌ನ ಔಷಧ ಪ್ರಯೋಗಾಲಯದಲ್ಲಿ ಶಿಲೀಂಧ್ರ ಕೊಲ್ಲುವ ವಸ್ತುವೊಂದು ಸಿಕ್ಕಿತು. ದ್ವೀಪದ ಹೆಸರಿಂದಲೇ ರಾಪಾಮೈಸಿನ್. ಅದರ ಬೆನ್ನುಹತ್ತಿದವರು ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದ ಸುರೇಂದ್ರನಾಥ್ ಸೆಹಗಲ್. ಆ ಪ್ರಯೋಗಾಲಯ ಮುಚ್ಚಿದಾಗ ಕೆಲವು ಶೀಷೆಗಳನ್ನು ಮನೆಯ ಫ್ರೀಜರಿನಲ್ಲಿಟ್ಟು ಉಳಿಸಿಕೊಂಡ ಮನುಷ್ಯ. 1999ರಲ್ಲಿ ಮೂತ್ರಪಿಂಡ ಕಸಿಗೆ ಅದು ಔಷಧವಾಗಿ ಬಂತು. ಅದೇ ವರ್ಷದ ಕೊನೆಗೆ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಎಡ್ವಾರ್ಡೊ ಸೌಸಾ ಅದನ್ನು ಲೇಪಿಸಿದ ಸ್ಟೆಂಟನ್ನು ಮನುಷ್ಯರಿಗೆ ಇಟ್ಟರು. 2002ರ ರಾವೆಲ್ ಅಧ್ಯಯನದಲ್ಲಿ ಬರಿ ಲೋಹದ ಸ್ಟೆಂಟ್ ಆರು ತಿಂಗಳಿಗೆ ಶೇ 26.6 ಮಂದಿಯಲ್ಲಿ ಕಿರಿದಾಗಿತ್ತು, ಲೇಪನದ್ದು ಒಬ್ಬರಲ್ಲೂ ಇಲ್ಲ. (ಆಮೇಲೆ ಎಲ್ಲ ತರದ ರೋಗಿಗಳಿಗೂ ಹಾಕತೊಡಗಿದಾಗ ಸೊನ್ನೆ ಉಳಿಯಲಿಲ್ಲ, ಆದರೂ ಬಹಳ ಕಡಿಮೆ.) ಇದು ಪೆರಾಕ್ಸೈಡನ್ನು ಮುಟ್ಟುವುದೇ ಇಲ್ಲ. ಪಿಸುಮಾತು ಎಲ್ಲೆಲ್ಲಿಂದ ಬಂದರೂ ಬರಲಿ, ಕೋಶ ಒಡೆಯುವ ಮುನ್ನ ಹಾಯಬೇಕಾದ ಬಾಗಿಲಿಗೆ, ಆ ಮೂರು ಮಿಲಿಮೀಟರ್ ಜಾಗದಲ್ಲಿ ಮಾತ್ರ, ಬೀಗ ಹಾಕುತ್ತದೆ.

ಬೀಗಕ್ಕೂ ಬೆಲೆಯಿದೆ. ಸ್ನಾಯುಕೋಶವನ್ನು ತಡೆಯುವ ಔಷಧ ಒಳಪೊರೆ ಮತ್ತೆ ಮೂಡುವುದನ್ನೂ ತಡ ಮಾಡುತ್ತದೆ. ಬರಿಮೈಯ ಲೋಹಕ್ಕೆ ರಕ್ತ ತಗುಲಿದರೆ ಗರಣೆ ಕಟ್ಟಬಹುದು. ಅದಕ್ಕೇ ಸ್ಟೆಂಟ್ ಆದವರಿಗೆ ಆಸ್ಪಿರಿನ್ ಜೊತೆ ಇನ್ನೊಂದು ರಕ್ತ ತಿಳಿಮಾಡುವ ಮಾತ್ರೆ ತಿಂಗಳುಗಟ್ಟಲೆ ಕೊಡುವುದು. ‘ಆರಾಮಿದ್ದೀನಿ’ ಎಂದು, ಹಲ್ಲು ಕೀಳಿಸಬೇಕೆಂದು, ಡಾಕ್ಟರನ್ನು ಕೇಳದೆ ಅದನ್ನು ನಿಲ್ಲಿಸುವವರನ್ನು ಕಂಡರೆ ನನಗೆ ಕೈಕಾಲು ತಣ್ಣಗಾಗುತ್ತದೆ. ಇನ್ನೊಂದು ಮಾತು: ಈ ಸ್ನಾಯುಕೋಶಗಳು ಬರಿ ಖಳರಲ್ಲ. ಹಳೆಯ ಕೊಬ್ಬಿನ ಗಡ್ಡೆಯ ಮೇಲೆ ಗಟ್ಟಿ ನಾರಿನ ಮುಚ್ಚಳ ನೇಯುವವೂ ಇವೇ. ಆ ಮುಚ್ಚಳ ತೆಳುವಾಗಿ ಹರಿದಾಗಲೇ ಬಹುಪಾಲು ಹೃದಯಾಘಾತ ಆಗುವುದು.

ಮಾವನಿಗೆ ಎರಡನೇ ಸಲ ಲೇಪನದ ಸ್ಟೆಂಟ್ ಹಾಕಿದರು. ಬಿಲ್ಲು ಲಕ್ಷ ದಾಟಿತ್ತು. ಒಂದು ಲೋಡು ಕೊಬ್ಬರಿ ಹೋಯಿತು ಎಂದು ಇವತ್ತಿಗೂ ಹೇಳುತ್ತಾರೆ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಲೇಪನದ ಸ್ಟೆಂಟಿಗೆ 29,600 ರೂಪಾಯಿ, ಬರಿ ಲೋಹದ್ದಕ್ಕೆ 7,260 ರೂಪಾಯಿ ಎಂದು ಮಿತಿ ಹಾಕಿದ ದಿನ ಬೆಳಗ್ಗೆಯೇ ಫೋನ್ ಮಾಡಿದ್ದರು: “ಪೇಪರ್ ನೋಡ್ದೇನಮ್ಮಾ? ನಾವು ಒಂದೆಂಟು ವರ್ಷ ಮುಂಚೆ ಕಾಯಿಲೆ ಬಿದ್ಬುಟ್ವಲ್ಲ!”

ಸಕ್ಕರೆ ಹತೋಟಿಯಲ್ಲಿದೆ, ಬೀಡಿ ಬಿಟ್ಟಿದ್ದಾರೆ, ಮಂಡಿಗೆ ಮಗ ಹೋಗುತ್ತಾನೆ. ಆ ಹಸಿರು ಕ್ಯಾಪ್ಸೂಲುಗಳನ್ನು ಅತ್ತೆ ಪಿನ್ನಿನಿಂದ ಚುಚ್ಚಿ ಮುಖಕ್ಕೆ ಹಚ್ಚಿಕೊಂಡು ಖಾಲಿ ಮಾಡಿದರು.